ನೂರನೆಯ ಹೊಡೆತ

ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಎರಡು ಕೈಗಳು ಇಬ್ಬರು ಬೇರೆ ಬೇರೆ ಮನುಷ್ಯರವೇನೋ ಅನ್ನಿಸುತ್ತಿತ್ತು. ಬಲಗೈ ಹುರಿದ ಕಾಫಿಬೀಜದ ಬಣ್ಣ. ಗಾಲ್ಫ್ ಆಡುವಾಗ ಗ್ಲೌಸಿನೊಳಗಿರುತ್ತಿದ್ದ ಎಡಗೈ ಮಣಿಕಟ್ಟಿನ ತನಕ ನಸುಬಿಳುಪು. ನಾವು ದೇಶ ಬಿಟ್ಟು ಬಂದು ನೆಲೆಸಿದ ಸ್ಟೌಫ್‌ವಿಲ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಹುಬ್ಬಳ್ಳಿ ಕಡೆಯವರು. ಮೈಸೂರಿನವನಾದ ನಾನೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ಊರಾಚೆಯ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವುದು ಅವರ ಕೆಲಸ. ನನ್ನ ಹೆಂಡತಿ ತೀರಿಕೊಂಡ ವರ್ಷ, ಮನೆಯಿಂದ ಹೊರಬೀಳದ ನನ್ನನ್ನು ಎಬ್ಬಿಸಿ ಅಲ್ಲಿಗೆ ಕರೆದೊಯ್ದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಕೈಗೆ ಸ್ಟಿಕ್ಕು ಕೊಟ್ಟು, "ಗಾಳಿ ಜೋಡಿ ಜಗಳಾ ತಗೀಬ್ಯಾಡ. ಚೆಂಡು ನೆಲಾ ಹಿಡದು ಹೋಗ್ಲಿ," ಎಂದರು.

ಅಲ್ಲಿನ ದಿಬ್ಬಗಳೆಲ್ಲ ಬುಲ್‌ಡೋಜರ್ ಮಾಡಿದವು. "ಇದು ನಕಲಿ. ಅಸಲಿ ಸ್ಕಾಟ್ಲೆಂಡಿನ ಸಮುದ್ರದ ದಂಡ್ಯಾಗ ಐತಿ. ಯಾರೂ ಕಟ್ಟಿದ್ದಲ್ಲ, ಗಾಳಿ ಕಟ್ಟಿದ್ದು. ಕುರಿ ಗಾಳಿಗೆ ಮರೆ ಹುಡುಕಿ ಮಲಗಿ ಮಲಗಿ ಬಿದ್ದ ತಗ್ಗೇ ಈ ಆಟದಾಗಿನ ಮರಳಗುಂಡಿ ಆದ್ವು," ಎನ್ನುತ್ತಿದ್ದರು. ಅಲ್ಲಿ ಒಮ್ಮೆ ಆಡಬೇಕು, ಹದಿನೆಂಟು ಕುಳಿಗಳನ್ನು ನೂರಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಬೇಕು ಎಂಬುದು ಅವರ ಆಸೆ. ನೂರರೊಳಗೆ ಅವರು ಎಲ್ಲಿಯೂ ಮುಗಿಸಿದವರಲ್ಲ.

ಅವರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಇಬ್ಬರೂ ಸ್ಕಾಟ್ಲೆಂಡಿಗೆ ಹೋದೆವು. ಉಪ್ಪು ಹೊತ್ತ ಎದುರುಗಾಳಿ. ಮೂರು ಕುಳಿಗೊಮ್ಮೆ ಹುಲ್ಲಿನ ಮೇಲೆ ಕೂತು ಸುಧಾರಿಸಿಕೊಂಡರು, ಮತ್ತೆ ಎದ್ದರು. ಕೊನೆಯ ಕುಳಿಗೆ ಬಂದಾಗ ನೂರರೊಳಗೆ ಮುಗಿಯುವ ಹಾಗಿತ್ತು. ಚೆಂಡು ಎತ್ತರದ ಹುಲ್ಲಿನಲ್ಲಿ ಬಿದ್ದಿತ್ತು. ಹೊಡೆಯಲು ಸಜ್ಜಾಗುವಾಗ ಅವರ ಸ್ಟಿಕ್ಕು ಹುಲ್ಲಿಗೆ ತಾಗಿ ಚೆಂಡು ಎರಡು ಬೆರಳಷ್ಟು ಸರಿಯಿತು. ಅದನ್ನು ಮೊದಲಿದ್ದಲ್ಲಿಗೇ ಇಟ್ಟು, "ಚೆಂಡು ಸರದ್ರ ದಂಡ. ಒಂದು ಹೊಡತ ಕೂಡಸು," ಎಂದರು.

"ಬಿಡಿ ಕಾಕಾ, ಯಾರೂ ನೋಡ್ಲಿಲ್ಲ."

"ನಾ ನೋಡೀನಲ್ಲಪಾ."

ಆಟ ಮುಗಿದಾಗ ಸರಿಯಾಗಿ ನೂರು. ಸ್ಕೋರ್ ಕಾರ್ಡಿಗೆ ಸಹಿ ಹಾಕಿ, ಸಮುದ್ರಕ್ಕೆ ಮುಖ ಮಾಡಿ ಬಹಳ ಹೊತ್ತು ನಿಂತರು.

ಎರಡು ತಿಂಗಳಿಗೆ ಹೋಗಿಬಿಟ್ಟರು. ಅಂತ್ಯಕ್ರಿಯೆಯ ದಿನ, ಇಲ್ಲೇ ಹುಟ್ಟಿ ಬೆಳೆದ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಂಕಲ್, ಅಪ್ಪಾ ಸ್ಕೋರ್ ಹೇಳಲೇ ಇಲ್ಲ. ಹಂಡ್ರೆಡ್ ಬ್ರೇಕ್ ಮಾಡಿದ್ರಾ?"

ಅವಳ ಮುಖ ನೋಡಿ 'ತೊಂಬತ್ತೊಂಬತ್ತು' ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಹಾಗೆ ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ.

"ಇಲ್ಲಮ್ಮಾ, ನೂರು," ಎಂದೆ. ಆ ಒಂದು ಹೊಡೆತ ಎಲ್ಲಿಂದ ಬಂತೆಂದೂ ಹೇಳಿದೆ.

ಅವಳು ಅಳುತ್ತಲೇ ನಕ್ಕಳು. "ದಟ್ಸ್ ಅಪ್ಪಾ," ಎಂದಳು.