ಒಣಗಿದ್ದಕ್ಕೆ ಅಕ್ಕನ ಸನ್ನೆ

"ನೀರಿನ ಚರಗಿ ಕೆಳಗಿಡು!" ಅವ್ವ ನನ್ನ ಕೈ ಹಿಡಿದಳು. "ಬಾಣಂತಿಗಿ ಥಂಡಿ ಆದ್ರ ಯಾರು ನೋಡಾವ್ರು? ನೀ ಹಡದೀಯೇನು?"

ಅಕ್ಕ ಹಡೆದು ವಾರವೂ ಆಗಿರಲಿಲ್ಲ. ಗಂಡನ ಮನೆ ಕೆಂಭಾವಿ. ಬಾಣಂತನಕ್ಕೆ ಮುದನಾಳಕ್ಕೆ, ನಮ್ಮ ಮನೆಗೆ ಬಂದಿದ್ದಳು. ನಮ್ಮ ಕಡೆ ಬಾಣಂತಿಗೆ ನೀರು ಒಂದೊಂದೇ ಗುಟುಕು. ಹೊರಗೆ ಬಿಸಿಲು, ಒಳಗೆ ಅಕ್ಕ ಮಲಗಿದ ಹೊರಸಿನ ಕೆಳಗೆ ಕೆಂಡ. ಕೂಸು ಬೆಳಗಿನಿಂದ ಅಳುತ್ತಿತ್ತು. ಎದೆಗೆ ಹಚ್ಚಿದರೆ ಚೀಪಿ ಬಿಟ್ಟು ಮತ್ತೆ ಅಳುತ್ತಿತ್ತು. ದೃಷ್ಟಿಯಾಗಿದೆ ಎಂದು ಅವ್ವ ಉಪ್ಪು, ಮೆಣಸಿನಕಾಯಿ ಇಳಿಸಿದ್ದಳು.

ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಸಣ್ಣವರಿದ್ದಾಗ ನಾವಿಬ್ಬರೂ ಹೊಲದಲ್ಲಿ ಒಂದು ಕೈಭಾಷೆ ಕಟ್ಟಿಕೊಂಡೆವು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಲ್ಲಿ ಕಲಿತದ್ದು ಮರೆತಿದ್ದೇನೆ, ಇದನ್ನು ಮರೆತಿಲ್ಲ. ಒಣಗಿದ ತೊಗರಿ ಎಲೆ ಪುಡಿ ಮಾಡುವ ಹಾಗೆ ಹೆಬ್ಬೆರಳನ್ನು ಬೆರಳ ಮೇಲೆ ತಿಕ್ಕಿದರೆ 'ಒಣ'. ಅದನ್ನೇ ಗಂಟಲ ಹತ್ತಿರ ತಿಕ್ಕಿದರೆ ನೀರಡಿಕೆ. ಕಣ್ಣ ಕೆಳಗಾದರೆ, ಅತ್ತಿದ್ದು ಮುಗಿಯಿತು. ಯಾರನ್ನಾದರೂ ತೋರಿಸಿ ತಿಕ್ಕಿದರೆ, ಅವನು ಜಿಪುಣ. ಅವ್ವ ಇದನ್ನು ಕಲಿಯಲೇ ಇಲ್ಲ. "ಮಂಗ್ಯಾನಂಗ ಕೈ ಆಡಸಬ್ಯಾಡ್ರಿ" ಅನ್ನುತ್ತಿದ್ದಳು.

ಅವತ್ತು ಅಕ್ಕ ಗಂಟಲ ಹತ್ತಿರ ತಿಕ್ಕಿದ್ದಳು. ಅದಕ್ಕೇ ನಾನು ನೀರು ತಂದಿದ್ದು. ಅವ್ವ ಕೊಡಲು ಬಿಡದ್ದನ್ನು ನೋಡಿ ಅಕ್ಕ ಮತ್ತೆ ತಿಕ್ಕಿದಳು. ಈ ಸಲ ಬೆರಳು ನಿಲ್ಲಿಸಲಿಲ್ಲ. ತಿಕ್ಕುತ್ತಲೇ ಗಂಟಲಿನಿಂದ ಎದೆಗೆ ಇಳಿಸಿ, ಅಲ್ಲಿಂದ ಕೂಸಿನ ತುಟಿಯವರೆಗೆ ಒಯ್ದಳು. ಇಂಥ ಮಾತು ನಮ್ಮಲ್ಲಿ ಇರಲಿಲ್ಲ. ಆಗಲೇ, ಅಲ್ಲೇ ಮಾಡಿದಳು. ನನಗೆ ಕೂಡಲೇ ತಿಳಿಯಿತು. ತಮ್ಮನಾಗಿ ಹೇಳಲು ನಾಚಿಕೆ; ಗೋಡೆ ನೋಡುತ್ತ ಹೇಳಿದೆ.

"ಯವ್ವಾ, ನೀರಿಲ್ಲದ ಎದಿ ಒಣಗ್ಯಾದಂತ. ಅದಕ್ಕ ಕೂಸು ಅಳಾಕತ್ಯಾದ. ದೃಷ್ಟಿ ಗಿಷ್ಟಿ ಏನಿಲ್ಲ."

"ಆಕಿ ಹೇಳಿದ್ಳೋ, ನೀನೇ ಹೇಳಾಕತ್ತೀಯೋ?"

"ಆಕೀನೇ. ನನಗ ಹ್ಯಾಂಗ ಗೊತ್ತಾಗ್ಬೇಕು ಅದು?"

ಅವ್ವ ಅಕ್ಕನ ಮುಖ ನೋಡಿದಳು. ಚರಗಿ ನನ್ನ ಕೈಯಿಂದ ಕಸಿದುಕೊಂಡು, ನೀರು ಬೆಚ್ಚಗೆ ಮಾಡಿ ತಾನೇ ಕುಡಿಸಿದಳು. ಅಕ್ಕ ಪೂರ್ತಿ ಕುಡಿದು ಇನ್ನೂ ಕೇಳಿದಳು. ಆಮೇಲೆ ಕೇಳಿದಾಗೆಲ್ಲ ಅವ್ವ ಕೊಟ್ಟಳು.

ಮರುದಿನ ಮಧ್ಯಾಹ್ನ ಕೂಸಿನ ಗಲ್ಲದ ಮೇಲೆ ಹಾಲು ಇಳಿದಿತ್ತು. ಹೊಟ್ಟೆ ತುಂಬಿ, ಬಾಯಿ ತೆರೆದುಕೊಂಡೇ ಮಲಗಿತ್ತು. ಅಕ್ಕ ಒಂದು ಮಾತನ್ನೂ ಕಿವಿಯಿಂದ ಕೇಳಿದವಳಲ್ಲ. ಆ ಮಾತು ಎಲ್ಲಿಂದ ತಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.