ವೈನಿನ ವಾಸನೆ ಇಲ್ಲದ ದಿನಗಳು

ಇಂದಿರಾನಗರದ ನೂರಡಿ ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ದೊಡ್ಡ ರೆಸ್ಟೋರೆಂಟಿದೆ. ಅಲ್ಲಿ ವೈನು ಬಡಿಸುವುದು ನನ್ನ ಕೆಲಸ. ಬಡಿಸುವುದೆಂದರೆ ಗ್ಲಾಸಿಗೆ ಸುರಿಯುವುದಷ್ಟೇ ಅಲ್ಲ. ಬಂದವರು ಯಾವ ಊಟ ಹೇಳಿದ್ದಾರೆ ಎಂದು ನೋಡಿ ಅದಕ್ಕೆ ಹೊಂದುವ ವೈನು ಯಾವುದೆಂದು ಹೇಳಬೇಕು. ಬಾಟಲಿ ತೆರೆದ ಮೇಲೆ ಮೊದಲು ನಾನು ಮೂಸಿ ನೋಡಬೇಕು. ಕೆಟ್ಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅದು ಮೇಜಿಗೆ ಹೋಗುವುದು. ಮಧ್ಯಾಹ್ನ ಜನ ಕಡಿಮೆ ಇರುವಾಗ ಬಾರ್ ಕೌಂಟರಿನ ಹಿಂದೆ ನಿಂತು ಕಾಕ್‌ಟೇಲುಗಳನ್ನೂ ಮಾಡುತ್ತೇನೆ. ಜಿನ್ನಿಗೆ ಕರಿಬೇವು ಜಜ್ಜಿ ಹಾಕುವುದು, ರಮ್ಮಿಗೆ ಫಿಲ್ಟರ್ ಕಾಫಿಯ ಡಿಕಾಕ್ಷನ್ ಸೇರಿಸುವುದು, ಇಂಥವು ನಮ್ಮಲ್ಲಿ ಜನಕ್ಕೆ ಇಷ್ಟ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೇ ವಾರಕ್ಕೊಮ್ಮೆ ಬಂದರೆ ಹೆಚ್ಚು. ಹೊಸ ತಿಪ್ಪಸಂದ್ರದಲ್ಲಿ ಮನೆ. ಅಪ್ಪ ಕಾರ್ಖಾನೆಯ ನೌಕರಿಯಿಂದ ನಿವೃತ್ತರಾದವರು. ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದಾಗ ಅವರ ಕಣ್ಣ ಮುಂದೆ ಬಂದದ್ದು ಪಂಚತಾರಾ ಹೋಟೆಲಿನ ರಿಸೆಪ್ಷನ್ ಇರಬೇಕು. ನಾನು ವೈನಿನ ಕಡೆ ಹೊರಳಿದ್ದು ಗೊತ್ತಾದ ದಿನ ಅವರು ಬೈಯಲಿಲ್ಲ. ಪೇಪರು ಮಡಿಸಿಟ್ಟು ವಾಕಿಂಗಿಗೆ ಹೋದರು. ಅಂದಿನಿಂದ ನೆಂಟರು ಕೇಳಿದರೆ "ಹೋಟೆಲ್ ಲೈನಲ್ಲಿದ್ದಾಳೆ" ಎಂದಷ್ಟೇ ಹೇಳುತ್ತಾರೆ. ನೋಡಲು ಬಂದ ಗಂಡುಗಳು ಆ 'ಲೈನು' ಯಾವುದೆಂದು ವಿಚಾರಿಸಿಕೊಂಡು ಸುಮ್ಮನಾದರು. ಆ ಮೌನಗಳು ಮನೆಯೊಳಗೆ ಸೇರುತ್ತಾ ಹೋದಾಗ, ಅಮ್ಮ ತೀರಿಕೊಂಡ ಮಾರನೆಯ ವರ್ಷ, ನಾನು ಹಲಸೂರಿನಲ್ಲಿ ಒಂದು ಕೋಣೆ ಹಿಡಿದೆ. ಅಪ್ಪ ತಡೆಯಲಿಲ್ಲ. ಗ್ಯಾಸ್ ಒಲೆ ಹೊತ್ತು ತಂದು ತಾವೇ ಕೂಡಿಸಿಕೊಟ್ಟು, "ರೆಗ್ಯುಲೇಟರ್ ರಾತ್ರಿ ಆಫ್ ಮಾಡು" ಎಂದು ಹೇಳಿ ಹೋದರು.

ಮೂಗು ನನ್ನ ಅನ್ನ ಎಂಬುದು ನನಗೆ ಗೊತ್ತಿತ್ತು. ಹಾಗೆಂದು ಅದರ ಬಗ್ಗೆ ಎಂದೂ ಯೋಚಿಸಿರಲಿಲ್ಲ.

ಕೊರೋನಾ ಎಲ್ಲರೂ ಮರೆತ ಮೇಲೆ ನನಗೆ ಎರಡನೆಯ ಸಲ ಬಂತು. ಒಂದು ವಾರ ಕೋಣೆಯಲ್ಲಿ ಮಲಗಿದ್ದೆ. ಗಂಜಿ ಸಪ್ಪೆಯಾಗಿತ್ತು, ಗಂಜಿ ಸಪ್ಪೆಯೇ ಅಲ್ಲವೇ ಎಂದುಕೊಂಡೆ. ಹಾಲು ಸೀದು ಪಾತ್ರೆಯ ತಳ ಕಪ್ಪಾದದ್ದು ಕಣ್ಣಿಗೆ ಕಂಡ ಮೇಲೆ ಗೊತ್ತಾಯಿತು. ಮೂಗು ಕಟ್ಟಿದೆ, ಬಿಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಕೆಲಸಕ್ಕೆ ಮರಳಿದ ಮಧ್ಯಾಹ್ನ ಮೊದಲ ಆರ್ಡರು ಒಂದು ವಿಸ್ಕಿ ಕಾಕ್‌ಟೇಲು. ಕೊನೆಗೆ ಕಿತ್ತಳೆಯ ಸಿಪ್ಪೆಯ ತುಂಡೊಂದನ್ನು ಗ್ಲಾಸಿನ ಮೇಲೆ ಬಗ್ಗಿಸಿ ಹಿಂಡಬೇಕು. ಸಿಪ್ಪೆಯ ಎಣ್ಣೆ ಸಣ್ಣ ತುಂತುರಾಗಿ ಹಾರುತ್ತದೆ, ಕೌಂಟರಿನ ಆಚೆ ಕೂತವರೂ ತಲೆಯೆತ್ತಿ ನೋಡುವಷ್ಟು ಘಮ್ಮೆನ್ನುತ್ತದೆ. ಹಿಂಡಿದೆ. ತುಂತುರು ಬೆಳಕಿನಲ್ಲಿ ಕಂಡಿತು. ವಾಸನೆ ಬರಲಿಲ್ಲ. ಇನ್ನೊಂದು ಸಿಪ್ಪೆ ಕತ್ತರಿಸಿ ಮೂಗಿನ ಕೆಳಗೇ ಹಿಂಡಿಕೊಂಡೆ. ಕಣ್ಣು ಉರಿಯಿತು, ಅಷ್ಟೇ. ಕೌಂಟರಿನ ಕೆಳಗೆ ಬಗ್ಗಿ ತೆರೆದಿಟ್ಟ ಬಾಟಲಿಗಳನ್ನು ಒಂದೊಂದಾಗಿ ಮೂಸಿದೆ. ಜಿನ್ನು, ರಮ್ಮು, ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿಯ ಕೆಂಪು ವೈನು. ಎಲ್ಲವೂ ಒಂದೇ. ನೀರಿನ ಲೋಟಕ್ಕೆ ಮೂಗಿಟ್ಟ ಹಾಗೆ.

ಅದೇ ಮಧ್ಯಾಹ್ನ ಮ್ಯಾನೇಜರ್ ಬಳಿ ಹೋಗಿ ಹೇಳಿದೆ. ನನಗಿಂತ ಚಿಕ್ಕವರು, ಕೂರ್ಗಿನ ಕಡೆಯವರು, ಸ್ವಭಾವದಲ್ಲಿ ಮೆದು.

"ಪೂರ್ತಿ ಹೋಗಿದ್ಯಾ?"

"ಪೂರ್ತಿ."

ಅವರು ಡ್ಯೂಟಿ ಪಟ್ಟಿ ಎಳೆದುಕೊಂಡರು. "ಬರತ್ತೆ ಬಿಡಿ, ಎಲ್ಲರಿಗೂ ಬಂದಿದೆ. ಅಲ್ಲೀವರೆಗೂ ಬಾಗಿಲಲ್ಲಿ ಇದ್ಬಿಡಿ. ಗೆಸ್ಟ್‌ಗಳನ್ನ ಕೂರ್ಸೋದು ನೋಡ್ಕೊಳ್ಳಿ. ವೈನ್‌ಗೆ ಇನ್ನೊಬ್ರನ್ನ ಹಾಕ್ತೀನಿ."

ಹಾಗೆ ನಾನು ಬಾಗಿಲಿಗೆ ಬಂದೆ. ಬಂದವರಿಗೆ ನಮಸ್ಕಾರ ಹೇಳಿ, ಎಷ್ಟು ಜನ ಎಂದು ಕೇಳಿ, ಮೇಜು ತೋರಿಸಿ ಹಿಂದಿರುಗುವುದು. ಒಳಗೆ ಕಾರ್ಕು ತೆಗೆಯುವ ಸದ್ದು ಕೇಳಿದಾಗಲೆಲ್ಲ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಡಾಕ್ಟರು ಮೂಗಿಗೆ ಒಂದು ಔಷಧ ಬರೆದರು. ಪರಿಚಯದ ವಾಸನೆಗಳನ್ನು ದಿನಾ ಬೆಳಿಗ್ಗೆ ಮೂಸುತ್ತಾ ಅವುಗಳ ನೆನಪು ಮಾಡಿಕೊಳ್ಳಿ ಎಂದರು. "ಬರ್ಬಹುದು. ಬರದೇನೂ ಇರ್ಬಹುದು. ಟೈಮ್ ಹೇಳಕ್ಕಾಗಲ್ಲ." ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಲವಂಗ, ನಿಂಬೆ, ಕಾಫಿಪುಡಿ, ಗುಲಾಬಿ ಸಾಲಾಗಿ ಇಟ್ಟುಕೊಂಡೆ. ಕಣ್ಣು ಮುಚ್ಚಿ ಒಂದೊಂದನ್ನೂ ಮೂಗಿಗೆ ಹಿಡಿದು, ಇದು ಲವಂಗ, ಹಲ್ಲು ನೋವಿಗೆ ಅಮ್ಮ ಇಡುತ್ತಿದ್ದದ್ದು, ಎಂದು ಹೇಳಿಕೊಳ್ಳುತ್ತಿದ್ದೆ. ನೆನಪಿಗೆ ಬರುತ್ತಿದ್ದದ್ದು ಅಮ್ಮನ ಬೆರಳು, ವಾಸನೆಯಲ್ಲ.

ಹೊಟ್ಟೆಪಾಡು ಹೇಗೋ ನಡೆಯುತ್ತಿತ್ತು. ಊಟ ಮಾತ್ರ ಕಷ್ಟವಾಯಿತು. ಉಪ್ಪು, ಹುಳಿ, ಖಾರ, ಬಿಸಿ, ತಣ್ಣಗೆ, ಇಷ್ಟೇ ನಾಲಿಗೆಗೆ ಉಳಿದದ್ದು. ಸಾರು ಯಾವುದು, ಹುಳಿ ಯಾವುದು ಎಂದು ಕಣ್ಣಿಂದ ನೋಡಿ ತಿಳಿಯಬೇಕು. ಒಬ್ಬಳೇ ಕೂತು ಉಣ್ಣುವುದು ನನಗೆ ಅಭ್ಯಾಸವಾಗಿತ್ತು, ಆದರೆ ಆವರೆಗೆ ತಟ್ಟೆಯಲ್ಲಿ ಏನಿದೆಯೋ ಅದಾದರೂ ಜೊತೆಗಿರುತ್ತಿತ್ತು. ಇನ್ನೂ ಒಂದು ಸಂಕಟವಿತ್ತು. ನನ್ನ ಮೈ ವಾಸನೆ ನನಗೆ ಗೊತ್ತಾಗುತ್ತಿರಲಿಲ್ಲ. ಬೆವರಿದ್ದೇನೋ ಏನೋ ಎಂದು ದಿನಕ್ಕೆ ಎರಡು ಸಲ ಸ್ನಾನ ಮಾಡಿ, ಮೆಟ್ರೋದಲ್ಲಿ ಜನರಿಂದ ದೂರ ನಿಲ್ಲುತ್ತಿದ್ದೆ.

ಬಾರಿಗೆ ಬೇಕಾದ ಪುದೀನ ಮತ್ತು ನಿಂಬೆಹಣ್ಣನ್ನು ರಸೆಲ್ ಮಾರುಕಟ್ಟೆಯಿಂದ ಆರಿಸಿ ತರುವ ಕೆಲಸ ಮೊದಲಿನಿಂದಲೂ ನನ್ನದೇ ಇತ್ತು. ಅದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಶಿವಾಜಿನಗರದಲ್ಲಿ ಬಸ್ಸಿಳಿದು, ಹೂವಿನ ಸಾಲು ದಾಟಿ, ಮೀನಿನ ಕಡೆಯಿಂದ ಸುತ್ತಿ ಸೊಪ್ಪಿನ ಅಂಗಡಿಗೆ ಹೋಗುತ್ತಿದ್ದೆ. ಮಲ್ಲಿಗೆ, ಮೀನು, ಮಾಂಸ, ಕೊಳೆತ ಎಲೆಕೋಸು. ಮೊದಲು ಕರವಸ್ತ್ರ ಮೂಗಿಗೆ ಹಿಡಿದು ದಾಟುತ್ತಿದ್ದ ಜಾಗದಲ್ಲಿ ಈಗ ಬೇಕೆಂದೇ ನಿಂತು ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದೆ. ಮೀನಿನವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಸೊಪ್ಪಿನ ಅಂಗಡಿಯ ಯಜಮಾನರು ಬಿಳಿ ಗಡ್ಡದ ಸಾಬರು. ಮನೆಮಾತು ದಖನಿ, ನನ್ನ ಹತ್ತಿರ ಕನ್ನಡ. ಒಂದು ದಿನ ಅವರು ಪುದೀನದ ಕಟ್ಟನ್ನು ನನ್ನ ಕೈಯಿಂದ ವಾಪಸು ಕಸಿದುಕೊಂಡರು.

"ಅದು ನಕ್ಕೋ ಮೇಡಮ್, ನಿನ್ನೆ ಮಾಲು. ಏನ್ ನೀವು, ಮೊದ್ಲು ಒಂದೊಂದ್ ಕಟ್ಟೂ ಮೂಸಿ ಮೂಸಿ ನನ್ ತಲೆ ತಿಂತಿದ್ರಿ. ಈಗ ಕೊಟ್ಟಿದ್ದು ತಗೊಂಡ್ ಹೋಗ್ತೀರ?"

"ಮೂಗು ಹೋಗಿದೆ ಚಾಚಾ. ಏನೂ ವಾಸನೆ ಬರಲ್ಲ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ನಮ್ ಮನೇವ್ರಿಗೂ ಹಂಗೇ ಆಗಿತ್ತು," ಎಂದರು. "ಬಿರಿಯಾನಿ ಮಾಡ್ಬಿಟ್ಟು ಅಳೋರು."

"ಆಮೇಲೆ ಬಂತಾ?"

"ಬಂತು, ಅರ್ಧ," ಎಂದು ಹೇಳಿ ಬೇರೆ ಕಟ್ಟು ಬಿಚ್ಚಿದರು. ಅಂದಿನಿಂದ ನಾನು ಹೋದಾಗಲೆಲ್ಲ ಕೈಗೊಂದು ಎಲೆ ಕೊಟ್ಟು, ವಾಸನೆ ಬಂತಾ ಎಂಬಂತೆ, "ಆಯಾ ಕ್ಯಾ?" ಎನ್ನುವರು. ಇಲ್ಲ ಎಂದು ತಲೆಯಾಡಿಸುವೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದಿರುತ್ತಿದ್ದ. ದಿನದಲ್ಲಿ ನನ್ನ ವಿಷಯ ಯಾರಾದರೂ ಕೇಳುತ್ತಿದ್ದದ್ದು ಅದೊಂದೇ ಸಲ ಇರುತ್ತಿತ್ತು.

ರೆಸ್ಟೋರೆಂಟಿಗೆ ಬುಧವಾರದ ಮಧ್ಯಾಹ್ನಗಳಲ್ಲಿ ಒಬ್ಬರು ಹೆಂಗಸು ಬರುತ್ತಿದ್ದರು. ದೊಮ್ಮಲೂರಿನಲ್ಲಿ ಮನೆ, ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲೊಂದು ಪುಸ್ತಕ. ಕಿಟಕಿಯ ಮೇಜು, ಒಂದು ಗ್ಲಾಸು ಕೆಂಪು ವೈನು, ಅದರ ಜೊತೆ ಏನಾದರೂ ಸಣ್ಣ ತಿಂಡಿ. ಮೊದಲ ದಿನ ಬಂದಾಗ, "ನನಗೆ ಇದೆಲ್ಲ ಗೊತ್ತಾಗಲ್ಲಮ್ಮ, ಕುಡಿದ್ರೆ ತಲೆ ಸುತ್ತಬಾರ್ದು ಅಷ್ಟೇ," ಎಂದಿದ್ದರು. ಅವರಿಗೆ ಒಂದೊಂದು ವಾರ ಒಂದೊಂದು ವೈನು ಪರಿಚಯ ಮಾಡಿಸುವುದು ನನಗೆ ಕೆಲಸಕ್ಕಿಂತ ಹೆಚ್ಚಾಗಿತ್ತು. ನಾನು ಬಾಗಿಲಿಗೆ ಬಂದ ಮೇಲೆ ಅವರಿಗೆ ಮೇಜು ತೋರಿಸಿ ಹಿಂದಿರುಗುತ್ತಿದ್ದೆ. ಕಾರಣ ಕೇಳಿದ್ದರು, ಹೇಳಿದ್ದೆ.

ಹೀಗೆ ತಿಂಗಳುಗಳು ಕಳೆದವು. ಒಂದು ಬುಧವಾರ ಹೊರಗೆ ಮೋಡ ಕವಿದಿತ್ತು, ಒಳಗೆ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ನನ್ನ ಜಾಗಕ್ಕೆ ಬಂದಿದ್ದ ಸಹೋದ್ಯೋಗಿ ಹೊಸ ಬಾಟಲಿ ತೆರೆದು ಅವರಿಗೆ ಸುರಿದುಕೊಟ್ಟು ಹೋದರು. ಅವರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ಮತ್ತೆ ಎತ್ತಿ ಮತ್ತೆ ಇಟ್ಟರು. ಸಹೋದ್ಯೋಗಿ ಹೋಗಿ ವಿಚಾರಿಸಿದರು. "ಹೀಗೇ ಇರತ್ತೆ ಮ್ಯಾಮ್, ಈ ದ್ರಾಕ್ಷಿದು ಸ್ವಲ್ಪ ಮಣ್ಣಿನ ಗುಣ," ಎನ್ನುವುದು ನನಗೆ ಬಾಗಿಲವರೆಗೂ ಕೇಳಿತು. ಅವರು ನನ್ನ ಕಡೆ ನೋಡಿ ಕೈ ಬೀಸಿ ಕರೆದರು.

"ನೀನೊಂದ್ಸಲ ನೋಡಮ್ಮ. ಏನೋ ಸರಿಯಿಲ್ಲ ಅನ್ಸತ್ತೆ."

"ನನಗೆ ಮೂಗಿಲ್ವಲ್ಲ ಮೇಡಮ್."

"ಸುಮ್ನೆ ನೋಡು. ನನಗೋಸ್ಕರ."

ಅವರ ಮನಸ್ಸು ನೋಯಬಾರದೆಂದು ಗ್ಲಾಸು ಎತ್ತಿಕೊಂಡೆ. ಅಭ್ಯಾಸಬಲದಿಂದ ಒಂದು ಸುತ್ತು ತಿರುಗಿಸಿ ಮೂಗಿಗೆ ಹಿಡಿದೆ.

ಒದ್ದೆ ಗೋಣಿಚೀಲ.

ಮೊದಲು ನಂಬಲಿಲ್ಲ. ಗ್ಲಾಸು ದೂರ ಮಾಡಿ, ಬರೀ ಗಾಳಿ ಎಳೆದುಕೊಂಡು, ಮತ್ತೆ ಹತ್ತಿರ ತಂದೆ. ಅದೇ. ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ರೇಷನ್ ಅಂಗಡಿಯಿತ್ತು. ಮಳೆಗಾಲದಲ್ಲಿ ಅಲ್ಲಿ ಅಕ್ಕಿಯ ಚೀಲಗಳು ನೆನೆದು ಒಂದು ಥರ ಮುಗ್ಗಲು ನಾತ ಹೊಡೆಯುತ್ತಿತ್ತು. ಅಪ್ಪನ ಕೈ ಹಿಡಿದು ಸಾಲಿನಲ್ಲಿ ನಿಂತಾಗ ಬರುತ್ತಿದ್ದ ಆ ನಾತವೇ ಈಗ ಗ್ಲಾಸಿನಿಂದ ಬರುತ್ತಿತ್ತು. ಕಾರ್ಕು ಕೆಟ್ಟು ಅದರ ದೋಷ ವೈನಿಗೆ ಸೇರಿದರೆ ಬರುವ ವಾಸನೆ ಅದು. ಬಾಟಲಿಯನ್ನು ವಾಪಸು ಕಳಿಸಬೇಕಾದ ವಾಸನೆ. ಎಷ್ಟೋ ತಿಂಗಳಿಂದ ಮಲ್ಲಿಗೆಯೂ ಲವಂಗವೂ ಬಾರದ ಮೂಗಿಗೆ ಅದು ಬಂದಿತ್ತು.

"ಕೆಟ್ಟಿದೆ ಮೇಡಮ್," ಎಂದೆ. "ನಿಜವಾಗ್ಲೂ ಕೆಟ್ಟಿದೆ." ಕೆಟ್ಟ ವೈನಿನ ಗ್ಲಾಸು ಹಿಡಿದುಕೊಂಡು ಅಳುತ್ತಾ ನಿಂತೆ.

ಅವರು ಪುಸ್ತಕ ಮುಚ್ಚಿದರು. "ಬಂತಾ?"

ಹೌದೆಂದು ತಲೆಯಾಡಿಸಿದೆ.

"ಕೂತ್ಕೊಳ್ಳಮ್ಮ ಒಂದ್ನಿಮಿಷ."

ನಮ್ಮಲ್ಲಿ ಕೆಲಸದವರು ಗೆಸ್ಟ್‌ಗಳ ಮೇಜಿನಲ್ಲಿ ಕೂರುವಂತಿಲ್ಲ. ನಿಂತೇ ಇದ್ದೆ. ಅವರು ತಮ್ಮ ನ್ಯಾಪ್‌ಕಿನ್ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತರು, ನಾನು ಮುಖ ಒರೆಸಿಕೊಳ್ಳಲಿ ಎಂದು. ನಾನು ಬಾಟಲಿ ಎತ್ತಿಕೊಂಡು ಹೋಗಿ ಸಹೋದ್ಯೋಗಿಗೆ ತೋರಿಸಿದೆ. ಅವರು ಮತ್ತೆ ಮೂಸಿ, ಹೌದಲ್ಲ ಎಂದು ಒಪ್ಪಿ, ಬೇರೆ ಬಾಟಲಿ ತೆರೆದರು. ಆ ಒಳ್ಳೆಯ ವೈನು ನನ್ನ ಮೂಗಿಗೆ ಇನ್ನೂ ನೀರಾಗಿಯೇ ಇತ್ತು.

ಯಾರಿಗಾದರೂ ಹೇಳಬೇಕೆನ್ನಿಸಿತು. ಹಿಂಬಾಗಿಲಿನ ಹತ್ತಿರ ನಿಂತು ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗೆ ಸರಿಸಿದೆ. ಕೊನೆಗೆ ಅಪ್ಪನಿಗೆ ಮಾಡಿದೆ. ಮೂಗು ಹೋದದ್ದನ್ನು ಅವರಿಗೆ ಮೊದಲೇ ಹೇಳಿದ್ದೆ.

"ಅಪ್ಪ, ವಾಸನೆ ಬಂತು."

"ಹೌದಾ? ಏನ್ ವಾಸನೆ?"

ವೈನು ಎಂಬ ಮಾತನ್ನು ನಾವಿಬ್ಬರೂ ಒಬ್ಬರ ಮುಂದೊಬ್ಬರು ಆಡಿದವರಲ್ಲ. "ಒದ್ದೆ ಗೋಣಿಚೀಲದ್ದು," ಎಂದೆ.

ಅವರ ಹಿಂದೆ ಟಿವಿಯಲ್ಲಿ ವಾರ್ತೆ ಓದುತ್ತಿದ್ದದ್ದು ಕೇಳುತ್ತಿತ್ತು. "ಗೋಣಿಚೀಲನಾ? ಸರಿ. ಒಳ್ಳೇದಾಯ್ತು. ಊಟ ಆಯ್ತಾ?"

"ಆಯ್ತು."

"ಹಂಗಾದ್ರೆ ಫೋನ್ ಇಡ್ಲಾ?"

ಮೂಗು ಮರಳಿತು, ಆದರೆ ಸಾಬರ ಮನೆಯವರಿಗೆ ಬಂದ ಹಾಗೆ ಅರ್ಧ. ನಿಂಬೆ, ಪುದೀನ, ಮೀನು ಬಂದವು. ಕಾಫಿಯಿಂದ ಇವತ್ತಿಗೂ ಸುಟ್ಟ ರಬ್ಬರಿನ ವಾಸನೆ. ಗುಲಾಬಿ ಬರಲೇ ಇಲ್ಲ. ಮ್ಯಾನೇಜರ್ ನನ್ನನ್ನು ಮತ್ತೆ ವೈನಿಗೆ ಹಾಕಿದರು. ಪ್ರತಿ ಬಾಟಲಿಯನ್ನೂ ಸಹೋದ್ಯೋಗಿ ಇನ್ನೊಮ್ಮೆ ನೋಡಬೇಕೆಂಬ ಷರತ್ತು ಹಾಕಿದವಳು ನಾನೇ. ಬುಧವಾರದ ಹೆಂಗಸಿಗೆ ಮೊಣಕಾಲಿನ ಆಪರೇಷನ್ ಆಯಿತಂತೆ, ಬರುವುದು ನಿಂತಿತು. ಅವರ ಫೋನ್ ನಂಬರು ನಾನು ಎಂದೂ ಕೇಳಿರಲಿಲ್ಲ. ಕಿಟಕಿಯ ಮೇಜಿಗೆ ಈಗ ಲ್ಯಾಪ್‌ಟಾಪ್ ಹಿಡಿದವರು ಬರುತ್ತಾರೆ.

ಕಳೆದ ತಿಂಗಳ ಒಂದು ಸೋಮವಾರ, ರಜೆಯ ದಿನ, ನಾನೇ ಗಿರಾಕಿಯಾಗಿ ಬೇರೊಂದು ರೆಸ್ಟೋರೆಂಟಿಗೆ ಹೋದೆ. ಮಧ್ಯಾಹ್ನ. ಇಬ್ಬರ ಮೇಜು ತೋರಿಸಿದರು. ಬಡಿಸುವ ಹುಡುಗಿ ನೀರು ತಂದು, "ಇನ್ನೊಬ್ರು ಬರ್ಬೇಕಾ ಮ್ಯಾಮ್?" ಎಂದಳು.

"ಇಲ್ಲಮ್ಮ, ನಾನೊಬ್ಬಳೇ."

ಅವಳು ಎದುರಿಗಿದ್ದ ತಟ್ಟೆ, ಚಮಚ, ಗ್ಲಾಸು ಒಂದೊಂದಾಗಿ ಎತ್ತಿ ಟ್ರೇಯಲ್ಲಿಟ್ಟುಕೊಂಡಳು. ನಾನೂ ದಿನಾ ಮಾಡುವ ಕೆಲಸವೇ ಅದು, ಎದುರು ಕೂತು ನೋಡಿದ್ದು ಮಾತ್ರ ಮೊದಲ ಸಲ. ಬಿಳಿ ವೈನು ಬಂತು. ತಿರುಗಿಸಿ ಮೂಸಿದೆ. ಸೀಬೆಹಣ್ಣಿನ ಸಿಪ್ಪೆಯಂಥದ್ದೇನೋ ತೆಳುವಾಗಿ ಬಂದು ಹೋಯಿತು. ಹೌದೋ ಅಲ್ಲವೋ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಗ್ಲಾಸು ಮುಗಿಯುವವರೆಗೂ ಮೂಸುತ್ತಾ ಕೂತಿದ್ದೆ.