ಬಾಣಂತನಕ್ಕೆ ಹೊರಟ ಅಕ್ಕ

ಕೆಳಮನೆಯ ಅಕ್ಕನ ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ. ಎಳವೆಯಲ್ಲಿ ಬಂದ ಜ್ವರವೊಂದು ಆ ಕಾಲನ್ನು ಬೆಳೆಯಲು ಬಿಟ್ಟಿರಲಿಲ್ಲವಂತೆ. ನಡೆಯುವಾಗ ಎಡಗಾಲಿನ ಹೆಬ್ಬೆರಳು ಮೊದಲು ನೆಲವನ್ನು ಮುಟ್ಟಿ ನೋಡುತ್ತಿತ್ತು. ಆಮೇಲೆ ಮೈಯ ಭಾರ ಅದರ ಮೇಲೆ ಬೀಳುತ್ತಿತ್ತು. ಸೀರೆಯನ್ನು ಕಣಕಾಲಿನ ಮೇಲಕ್ಕೆ ಉಟ್ಟು, ಗಂಡಸರ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಮಸ್ಕತ್ತಿನ ಅಲ್ ಖೌದಿನ ನಮ್ಮ ಕಟ್ಟಡದ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತುತ್ತಿದ್ದರು. ಲಿಫ್ಟ್ ಇತ್ತು. “ಅದು ಕಾಲಿಲ್ಲದವರಿಗೆ. ನಂಗೆ ಎರಡುಂಟಲ್ಲ” ಎನ್ನುತ್ತಿದ್ದರು.

ಅವರು ಉಡುಪಿ ಕಡೆಯ ತುಳು ಮಾತಿನವರು. ನಾನು ಬಾಗಲಕೋಟೆಯವಳು. ಮದುವೆಯಾಗಿ ಮಸ್ಕತ್ತಿಗೆ ಬಂದು ಖುರುಮಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಗಂಡನ ಕೆಲಸ ಸೋಹಾರಿನಲ್ಲಿ. ವಾರದ ಕೊನೆಗಷ್ಟೇ ಮನೆಗೆ ಬರುತ್ತಿದ್ದ. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ನನ್ನ ಅವರ ಪರಿಚಯ ಶುರುವಾದದ್ದು ರವಿಕೆಯ ಅಳತೆಯಿಂದಲೇ, ಆದರೆ ಅದು ಗಟ್ಟಿಯಾದದ್ದು ಬೇರೆ ಕಾರಣಕ್ಕೆ.

ಮೊದಲ ಸಲ ಬಸುರಾದಾಗ ಐದನೆಯ ತಿಂಗಳಲ್ಲಿ ನನ್ನ ಕೂಸು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಕ್ಕ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ಕುಚ್ಚಲಕ್ಕಿ ಗಂಜಿಯ ಪಾತ್ರೆ, ಇನ್ನೊಂದರಲ್ಲಿ ಎಣ್ಣೆಯ ಬಟ್ಟಲು. ನೇರವಾಗಿ ಬಚ್ಚಲಿಗೆ ಹೋಗಿ ಗೀಸರ್ ಹಾಕಿ ಬಂದು, ನನ್ನ ಜಡೆ ಬಿಚ್ಚತೊಡಗಿದರು.

“ಇದೆಲ್ಲಾ ಯಾಕ್ರೀ ಅಕ್ಕಾ? ಕೂಸಽ ಇಲ್ಲಲ್ಲ” ಎಂದೆ.

“ಕೂಸು ಕೈಗೆ ಬರ್ಲಿಲ್ಲ ಅಂತ ನಿಂಗೆ ಬಾಣಂತನ ಇಲ್ಲಾಂತ ಯಾರು ಹೇಳಿದ್ದು?” ಎಂದರು ಅಕ್ಕ. “ಮೈಗೆ ಅದೆಲ್ಲ ಗೊತ್ತಾಗುದಿಲ್ಲ ಮಾರಾಯ್ತಿ. ತಲೆ ಬಗ್ಗಿಸು.”

ಅಲ್ಲಿಯವರೆಗೆ ಎಲ್ಲರೂ ನನಗೆ ‘ಮುಂದಿನ ಸಲ ಆಗ್ತದ ಬಿಡು’ ಎಂದಿದ್ದರು. ನಾನೂ ಹೆತ್ತವಳೇ ಎಂದು ಕಂಡವರು ಅವರೊಬ್ಬರೇ. ಆಸ್ಪತ್ರೆಯಲ್ಲಿ ಬಾರದಿದ್ದ ಅಳು ಆವತ್ತು ಎಣ್ಣೆಯ ಜೊತೆ ಇಳಿದುಹೋಯಿತು. ನಾನು ಮತ್ತೆ ಆಫೀಸಿಗೆ ಹೋಗುವ ತನಕ ಅಕ್ಕ ದಿನವೂ ಬಂದರು.

ಅವರಿಗೆ ಒಬ್ಬಳೇ ಮಗಳು. ವೈದ್ಯಕೀಯ ಓದಲು ರಷ್ಯಾಕ್ಕೆ ಹೋದವಳು ಅಲ್ಲೇ ಜೊತೆಗೆ ಓದಿದ ರಷ್ಯನ್ ಹುಡುಗನನ್ನು ಮದುವೆಯಾಗಿದ್ದಳು. ಅಕ್ಕನ ಗಂಡ, ನಾನು ಭಾವ ಎಂದು ಕರೆಯುತ್ತಿದ್ದವರು, ಆವತ್ತಿನಿಂದ ಮಗಳ ಹೆಸರೆತ್ತುವುದನ್ನು ಬಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ. ಬೌಷರಿನ ಟ್ರೇಡಿಂಗ್ ಕಂಪನಿಯೊಂದರಲ್ಲಿ ತಲೆ ಬಗ್ಗಿಸಿ ದುಡಿದು ಅವಳನ್ನು ಓದಿಸಿದ್ದರು. ಮದುವೆಯ ಸುದ್ದಿ ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಿತ್ತು. ಆ ಪೆಟ್ಟು ಮಾಸಿರಲಿಲ್ಲ. ಅವರು ಆಫೀಸಿಗೆ ಹೋದ ಮೇಲೆ ತಾಯಿ ಮಗಳು ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಮಗಳು ಮತ್ತು ಅಳಿಯ ಇಬ್ಬರಿಗೂ ಕೆಲಸ ಸಿಕ್ಕಿದ್ದು ರಷ್ಯಾದ ತೀರ ಉತ್ತರದಲ್ಲಿ, ಆರ್ಕ್‌ಟಿಕ್ ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ. ಮುರ್ಮಾನ್ಸ್ಕ್ ನಗರದಿಂದ ಮುಂದೆ ಮರವಿಲ್ಲದ ಬಯಲಿನಲ್ಲಿ ರಸ್ತೆ ಸಮುದ್ರಕ್ಕೆ ಮುಟ್ಟಿ ನಿಂತುಬಿಡುವ ಜಾಗ. ಆ ಊರಿನಿಂದ ಒಂದು ದಿನ ಮಗಳು ಬಸುರಿಯೆಂಬ ಸುದ್ದಿ ಬಂತು.

ಅಕ್ಕ ಅದನ್ನು ಗಂಡನಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ನನ್ನೆದುರು ಅವರಿಬ್ಬರೂ ತುಳು ಬಿಟ್ಟು ಕನ್ನಡದಲ್ಲೇ ಮಾತಾಡುವುದು ರೂಢಿ. ಆವತ್ತೂ ಹಾಗೆಯೇ ಮಾತಾಡಿದರು.

“ಜನವರಿಯಲ್ಲಿ ಹೆರಿಗೆ. ನಾನು ಹೋಗ್ಲಿಕ್ಕುಂಟು” ಎಂದರು ಅಕ್ಕ.

ಭಾವ ಚಹಾದ ಲೋಟ ಕೆಳಗಿಟ್ಟರು. “ಅವಳ ಹತ್ರ ಜಗಳ ಮುಗಿದಿಲ್ಲ ನಂದು.”

“ನಿಮ್ಮ ಜಗಳ ನೀವಿಟ್ಕೊಳ್ಳಿ. ನಾನು ಜಗಳಕ್ಕೂ ಹೋಗುದಲ್ಲ, ರಾಜಿಗೂ ಹೋಗುದಲ್ಲ. ಬಾಣಂತನಕ್ಕೆ ಹೋಗುದು.”

“ಹೋದ್ರೆ ಮತ್ತೆ ಈ ಮನೆಗೆ ಬರುದು ಬೇಡ.”

“ಬರ್ತೇನೆ. ಇದು ನಂದೂ ಮನೆ. ಖಲಾಸ್” ಎಂದು ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತರು. ದನಿ ಒಂದಿಷ್ಟೂ ಏರಿರಲಿಲ್ಲ.

ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಒಂಟಿಯಾಗಿ ವಿಮಾನ ಬದಲಿಸಿ ಗೊತ್ತಿಲ್ಲ. “ನೀನು ಬರ್ತೀಯಾ?” ಎಂದು ಕೇಳಿದಾಗ ನನಗೆ ಹೆದರಿಕೆಯಾಯಿತು. ಚಳಿಯ ಹೆದರಿಕೆ ಒಂದು. ಕೂಸಿರುವ ಮನೆಯ ಹೆದರಿಕೆ ಅದಕ್ಕಿಂತ ದೊಡ್ಡದು. ನನ್ನದು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ಹೇಳಿದೆ. “ಹೋಗಿ ಬಾ. ಆಕಿ ನಿನಗ ಮಾಡಿದ್ದು ನಾ ಕಣ್ಣಾರೆ ನೋಡೇನಿ” ಎಂದ. ಎರಡು ವಾರದ ರಜೆ ಹಾಕಿದೆ.

ಜನವರಿಯಲ್ಲಿ ಮುರ್ಮಾನ್ಸ್ಕಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮಗಳು ಕೂಸಿನೊಂದಿಗೆ ತನ್ನ ಊರು ಸೇರಿಕೊಂಡ ವಾರವೇ ನಾವು ಹೊರಟೆವು. ಭಾವ ಬಾಗಿಲಿನವರೆಗೂ ಬರಲಿಲ್ಲ.

ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನಮ್ಮ ಪೆಟ್ಟಿಗೆ ಬಿಚ್ಚಿಸಿದ. ಕೊಬ್ಬರಿ ಎಣ್ಣೆ, ಒಣಶುಂಠಿ, ಕರಿಮೆಣಸು, ಓಮ, ಹಳೆಯ ಹತ್ತಿ ಸೀರೆಯ ತುಂಡುಗಳು. ಕಡೆಗೆ ಬಾಣಂತಿ ಲೇಹ್ಯದ ಕಪ್ಪು ಬಾಟಲಿ. ಅವನು ಅದರ ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದ. ನಾನು ಇಂಗ್ಲಿಷಿನಲ್ಲಿ ವಿವರಿಸಲು ತಡಬಡಾಯಿಸುತ್ತಿದ್ದೆ. ಅಕ್ಕ ಬೆರಳದ್ದಿ ಒಂದಿಷ್ಟು ತಾವೇ ನೆಕ್ಕಿ, ಎರಡೂ ಕೈಯಲ್ಲಿ ಕೂಸನ್ನು ತೂಗುವಂತೆ ಮಾಡಿ ತೋರಿಸಿದರು. ಅವನು ಬಾಟಲಿ ಮುಚ್ಚಿ, ತಾನೇ ಸೀರೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟ.

ಮುರ್ಮಾನ್ಸ್ಕಿಗೆ ಅಳಿಯ ಕಾರು ತಂದಿದ್ದ. ಎತ್ತರದ, ಮಾತು ಕಡಿಮೆಯ ಹುಡುಗ. ಅತ್ತೆಯನ್ನು ಕಂಡು ಕೆಂಪಾಗಿ, ಹೆಂಡತಿ ಕಲಿಸಿಕೊಟ್ಟದ್ದನ್ನು ಒಪ್ಪಿಸಿದ: “ಒಣಸ್ ಆಂಡಾ?” ಊಟ ಆಯಿತೇ ಎಂದು ತುಳುವಿನಲ್ಲಿ ಕೇಳುವ ಮಾತು. ಅಕ್ಕ ಅವನ ಮುಖವನ್ನೇ ನೋಡಿದರು. “ಆತ್ಂಡ್ ಮಗಾ” ಎಂದು ಅವನ ತೋಳು ಹಿಡಿದು ಕಾರಿನತ್ತ ನಡೆದರು.

ಅರ್ಧ ದಾರಿಯಲ್ಲಿ ಹಿಮಗಾಳಿ ಎದ್ದು ರಸ್ತೆ ಮುಚ್ಚಿದರು. ಅಡ್ಡಗೋಲಿನ ಪಕ್ಕ ಕಾವಲುಗಾರನ ಗೂಡು. ನಮ್ಮ ಮುಂದೆಯೂ ಹಿಂದೆಯೂ ಕಾರುಗಳ ಸಾಲು. ಮಧ್ಯಾಹ್ನವಾದರೂ ಸೂರ್ಯನಿಲ್ಲ, ನಸುಕಿನಂಥ ಮಬ್ಬು ಬೆಳಕು ಮಾತ್ರ. ಗಾಳಿ ಯಾವಾಗ ನಿಲ್ಲುತ್ತದೋ ಹೇಳಲಾಗದು, ಹಿಂತಿರುಗುವುದು ಒಳ್ಳೆಯದು ಎಂದು ಇಂಗ್ಲಿಷಿನಲ್ಲಿ ಹೇಳಿದ ಅಳಿಯ. ಅವನ ಮಾತನ್ನು ನಾನು ಅಕ್ಕನಿಗೆ ಹೇಳಿ ಮುಗಿಸುವುದರೊಳಗೆ ಅವರು ಬಾಗಿಲು ತೆಗೆದು ಇಳಿದಿದ್ದರು. ನಾನು ಹಿಂದೆ ಓಡಿದೆ. ಎರಡು ಹೆಜ್ಜೆಗೆ ಜಾರಿ ಬಿದ್ದೆ. ಅಕ್ಕ ಬೀಳಲಿಲ್ಲ. ಎಳವೆಯಿಂದಲೂ ನೆಲವನ್ನು ಮುಟ್ಟಿ ನೋಡಿಯೇ ಕಾಲಿಟ್ಟವರು. ಮಂಜುಗಡ್ಡೆಯ ಮೇಲೂ ಹಾಗೆಯೇ ನಡೆದು ಗೂಡಿನ ಕಿಟಕಿ ತಟ್ಟಿದರು.

ಕಾವಲುಗಾರ ಹೊರಗೆ ಬಂದ. ಅಕ್ಕ ತುಳುವಿನಲ್ಲೇ ಮಾತಾಡಿದರು. ಮಗಳು, ಬಾಣಂತಿ, ಸಣ್ಣ ಕೂಸು, ಮನೆಯಲ್ಲಿ ಇಬ್ಬರೇ. ಅವನು ಅಡ್ಡಗೋಲು ಎತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ, ಹತ್ತು ಮಾರು ಮುಂದಿನದೂ ಕಾಣುತ್ತಿರಲಿಲ್ಲ. ಆದರೆ ಅವರನ್ನು ಒಳಗೆ ಕರೆದು ಒಲೆಯ ಪಕ್ಕ ಕೂರಿಸಿ ಚಹಾ ಕೊಟ್ಟ. ಗಾಳಿ ತಗ್ಗಿ ಹಿಮ ಸರಿಸುವ ಯಂತ್ರ ಹೊರಟಾಗ ಸಾಲಿನಲ್ಲಿದ್ದ ಎಲ್ಲರಿಗಿಂತ ಮುಂದೆ, ಯಂತ್ರದ ಬೆನ್ನಿಗೇ, ನಮ್ಮ ಕಾರನ್ನು ನಿಲ್ಲಿಸಿದ. “ಯಲ್ಲಾ, ಹೊರಡುವ” ಎಂದರು ಅಕ್ಕ.

ಊರೆಂದರೆ ನಾಲ್ಕಾರು ಬಣ್ಣಗೆಟ್ಟ ಕಟ್ಟಡಗಳು, ಹಿಮದಲ್ಲಿ ಕುತ್ತಿಗೆಯವರೆಗೆ ಹೂತ ಮರದ ಮನೆಗಳು, ಹಳೆಯ ದೋಣಿಗಳ ಎಲುಬುಗೂಡು. ಆಚೆಗೆ ಸಮುದ್ರ. ಅಷ್ಟು ಚಳಿಯಲ್ಲೂ ಅದು ಹೆಪ್ಪುಗಟ್ಟಿರಲಿಲ್ಲ, ಕಪ್ಪಗೆ ಹೊಗೆಯಾಡುತ್ತಿತ್ತು. “ಇದಕ್ಕೂ ಉಪ್ಪಿನದೇ ವಾಸನೆ” ಎಂದರು ಅಕ್ಕ.

ಬಾಗಿಲು ತೆರೆದ ಮಗಳು ತಾಯಿಯನ್ನು ಕಂಡು ಗೋಡೆ ಹಿಡಿದು ನಿಂತುಬಿಟ್ಟಳು. ಅಪ್ಪಿಕೊಂಡು ಅಳುವುದಕ್ಕೆ ಅಕ್ಕ ಸಮಯ ಕೊಡಲಿಲ್ಲ. “ಗಾಳಿಗೆ ನಿಲ್ಬೇಡ, ಒಳಗೆ ನಡೆ. ಎಂತ ತಿಂದದ್ದು ಬೆಳಿಗ್ಗೆ?” ಎಂದು ಬೂಟು ಬಿಚ್ಚಿದವರೇ ಅಡುಗೆಮನೆ ಹುಡುಕಿದರು. ಆಮೇಲೆ, ಗಂಜಿ ಕುದಿಯುತ್ತಿರುವಾಗ, ಒಲೆಯತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಮರುದಿನ ಎಣ್ಣೆ ನೀರಿನ ವಿಷಯಕ್ಕೆ ಜಗಳ. ಅಷ್ಟು ಬಿಸಿ ನೀರು ಹೆರಿಗೆಯ ಹೊಲಿಗೆಗೆ ಒಳ್ಳೆಯದಲ್ಲ, ಕೂಸಿಗಂತೂ ಬೇಡವೇ ಬೇಡ ಎಂದಳು ಮಗಳು. “ಅಮ್ಮಾ, ಡಾಕ್ಟರ್ ನಾನು.”

“ಹೌದು ಮಗಾ, ಡಾಕ್ಟರೇ. ಈಗ ಬಾಣಂತಿ.”

ಕಡೆಗೆ ಇಬ್ಬರೂ ಸ್ವಲ್ಪ ಸ್ವಲ್ಪ ಸೋತರು. ನೀರಿನ ಹದ ಮಗಳದು, ಎಣ್ಣೆ ತಾಯಿಯದು. ತಾಯಿಯ ಕೈ ಬೆನ್ನ ಮೇಲೆ ಆಡತೊಡಗಿದ ಮೇಲೆ ಮಗಳ ಡಾಕ್ಟರಿಕೆ ಎಲ್ಲಿ ಹೋಯಿತೋ. ಕಣ್ಣು ಮುಚ್ಚಿ, “ಇನ್ನು ಸ್ವಲ್ಪ, ಅಲ್ಲೇ” ಎನ್ನುತ್ತಿದ್ದಳು.

ನಾನು ಅಡುಗೆಗೆ, ಬಟ್ಟೆಗೆ ಕೈ ಹಚ್ಚಿದ್ದೆ. ತೊಟ್ಟಿಲಿನ ಕೋಣೆಗೆ ಮಾತ್ರ ಹೋಗುತ್ತಿರಲಿಲ್ಲ. ಅಕ್ಕ ಅದನ್ನು ಗಮನಿಸಿದ್ದರು. ಮೂರು ದಿನ ಕಳೆದ ಮೇಲೆ, ಪಾತ್ರೆ ಒರೆಸುತ್ತಿದ್ದ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು, ಕೂಸನ್ನಿಟ್ಟರು. “ಹಿಡ್ಕೊ. ನಂಗೆ ನೀರು ನೋಡ್ಲಿಕ್ಕುಂಟು.” ಅಷ್ಟೇ ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಬೇಕೆಂದೇ ತಡಮಾಡಿದರು. ಕೂಸು ನನ್ನ ಕಿರುಬೆರಳು ಹಿಡಿದು ನಿದ್ದೆ ಹೋಯಿತು. ಎದೆಯಲ್ಲಿ ಏನೋ ಹರಿದುಹೋಗುತ್ತದೆಂದು ಹೆದರಿದ್ದೆ. ಹರಿಯಲಿಲ್ಲ, ಬಿಗಿ ಸಡಿಲಿತು. ಅಕ್ಕ ಹೊರಗೆ ಬಂದಾಗ ನಾನು ಕೂಸನ್ನು ತಿರುಗಿ ಕೊಡಲು ಒಲ್ಲೆನೆಂದೆ.

ದಿನವೂ ಭಾವನ ಚಹಾದ ಹೊತ್ತಿಗೆ ಅಕ್ಕ ಮಸ್ಕತ್ತಿಗೆ ಫೋನು ಮಾಡುತ್ತಿದ್ದರು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. “ಎತ್ತೂದಿಲ್ಲಂತ ಗೊತ್ತಿದ್ದೂ ಯಾಕ್ ಮಾಡ್ತೀರಿ?” ಎಂದು ಕೇಳಿದೆ. “ಎತ್ತದೆ ಇರುದು ಅವರ ಹಟ. ಮಾಡುದು ನನ್ನ ಹಟ. ಯಾರಿಗೆ ಮೊದಲು ಸಾಕಾಗ್ತದೆ ನೋಡುವ” ಎಂದರು.

ನಾನು ಹೊರಡುವ ಹಿಂದಿನ ದಿನ ಫೋನು ಎತ್ತಿದರು. ಪರದೆಯ ಮೇಲೆ ಭಾವನ ಮುಖ, ಪಕ್ಕದಲ್ಲಿ ಚಹಾದ ಲೋಟ. ಅಕ್ಕ ಫೋನನ್ನು ಮೆಲ್ಲಗೆ ತೊಟ್ಟಿಲಿನ ಕಡೆ ತಿರುಗಿಸಿದರು. ಮಗಳು ಬಾಗಿಲಿನ ಮರೆಯಲ್ಲಿ ನಿಂತಿದ್ದಳು.

ಭಾವ ಪರದೆಗೆ ಮುಖ ಹತ್ತಿರ ತಂದು ಕೇಳಿದರು: “ಅಲ್ಲಿ ಚಳಿ ಎಷ್ಟುಂಟು?”

“ಬಂದು ನೋಡಿ” ಎಂದರು ಅಕ್ಕ.

ವೀಸಾ ಇರುವವರೆಗೂ ಅಕ್ಕ ಅಲ್ಲೇ ಉಳಿದರು. ಅಳಿಯನೇ ಮಾಸ್ಕೋದವರೆಗೆ ಬಂದು ಅವರನ್ನು ವಿಮಾನ ಹತ್ತಿಸಿದ. ಮಸ್ಕತ್ತಿನಲ್ಲಿ, ಮನೆಗೆ ಬರಬೇಡ ಎಂದಿದ್ದ ಭಾವನೇ ಕಾರು ತೆಗೆದುಕೊಂಡು ಏರ್‌ಪೋರ್ಟಿಗೆ ಬಂದಿದ್ದರು. ಆದರೆ ಮಗಳ ಊರಿಗೆ ಹೋಗುವ ಮಾತಿಗೆ ಮಾತ್ರ ಅವರು ಬಗ್ಗಲಿಲ್ಲ. ಮರುವರ್ಷ ಅಕ್ಕ ಒಬ್ಬರೇ ಹೋಗಿ ಬಂದರು. ಅಷ್ಟರಲ್ಲಿ ವಿಮಾನ ಬದಲಿಸುವುದು ಅವರಿಗೆ ಅಭ್ಯಾಸವಾಗಿತ್ತು.

ಅದಾದ ಮೇಲೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕಂಡಾಗಲೇ ತಡವಾಗಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಕೊಂಡು ಮನೆಗೆ ಬಂದವರು, ಒಪ್ಪಿಕೊಂಡಿದ್ದ ರವಿಕೆಗಳನ್ನೆಲ್ಲ ಹೊಲಿದು ಮುಗಿಸಿದರು. ಮಗಳು ಬರುತ್ತೇನೆಂದಳು. “ನೀನು ಬಾ, ಆದ್ರೆ ಸ್ವಲ್ಪ ತಡೆದು. ಮೊದಲು ಇವರು ಬರ್ಲಿಕ್ಕುಂಟು ಅಲ್ಲಿಗೆ” ಎಂದರು. ಆಮೇಲೆ ಭಾವನನ್ನು ಕರೆದರು. ನಾನು ಹಾಸಿಗೆಯ ಹತ್ತಿರವೇ ಇದ್ದೆ, ಎದ್ದು ಹೋಗಲು ನೋಡಿದರೆ ಕೂರಿಸಿದರು.

“ನಾನು ಹೋದ ಮೇಲೆ ನೀವು ಅವಳಲ್ಲಿಗೆ ಹೋಗುದು ಗ್ಯಾರಂಟಿ. ಅಳ್ತಾ ಹೋಗ್ತೀರಿ. ಅದು ಬೇಡ ನಂಗೆ. ನಾನಿರುವಾಗಲೇ ನಗ್ತಾ ಹೋಗಿ ಬನ್ನಿ.”

“ನಿನ್ನನ್ನು ಹೀಗೆ ಬಿಟ್ಟು?”

“ಇವಳುಂಟಲ್ಲ” ಎಂದು ನನ್ನ ಕಡೆ ತೋರಿಸಿದರು. “ನೀವು ಬರುವ ತನಕ ನಾನು ಎಲ್ಲಿಗೂ ಹೋಗುದಿಲ್ಲ. ಮಾತು ಕೊಡ್ತೇನೆ.”

ಭಾವ ಹೋದರು. ಆ ದಿನಗಳಲ್ಲಿ ಅಕ್ಕನಿಗೆ ಗಂಜಿ ಕುಡಿಸಿದ್ದು, ತಲೆ ಬಾಚಿದ್ದು ನಾನು. ಅವರಿಗೆ ನಾನು ಮಾಡಲಾದದ್ದು ಅಷ್ಟೇ. ಅದನ್ನೂ ಅವರೇ ನನಗೆ ಕಲಿಸಿದ್ದರು. ಒಂದು ಸಂಜೆ ಫೋನಿನಲ್ಲಿ ಭಾವ ಕಾಣಿಸಿದರು. ಅಳಿಯನ ದೊಡ್ಡ ಕೋಟು ತೊಟ್ಟು, ಹಿಮದ ಜಾರುಗಾಡಿಯಲ್ಲಿ ಮೊಮ್ಮಗಳನ್ನು ಕೂರಿಸಿ ಎಳೆಯುತ್ತಿದ್ದರು. ಹಿಂದಿನಿಂದ ಮಗಳು “ಅಪ್ಪಾ, ನಿಧಾನ” ಎಂದು ಕೂಗುತ್ತಿದ್ದಳು. ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕೊನೆಯವರೆಗೂ ನೋಡಿದರು.

ಕೊಟ್ಟ ಮಾತಿನಂತೆ ಅವರು ಕಾದರು. ಭಾವ ಬಂದ ಮೇಲೂ ಅಕ್ಕ ಕೆಲವು ವಾರ ಇದ್ದರು. ಮಗಳು, ಅಳಿಯ, ಮೊಮ್ಮಗಳು ಮೂವರೂ ಬಂದು ಸುತ್ತ ಕೂತಿರುವಾಗ, ಅಲ್ ಖೌದಿನ ಆ ಮನೆಯಲ್ಲೇ ಹೋದರು. ಈಗ ನನ್ನ ಮಡಿಲಲ್ಲೂ ಒಂದು ಹುಡುಗಿ ಇದ್ದಾಳೆ. ಹೆತ್ತ ದಿನಗಳಲ್ಲಿ ಬಾಗಲಕೋಟೆಯಿಂದ ಅವ್ವ ಬಂದಿದ್ದಳು, ಏನೂ ಕಡಿಮೆಯಾಗಲಿಲ್ಲ. ಆದರೂ ಅಕ್ಕನ ಋಣ ಅಂದರೆ ನನಗೆ ನೆನಪಾಗುವುದು ಎಣ್ಣೆ ನೀರಲ್ಲ, ಭಾವ ತಿರುಗಿ ಬಂದ ದಿನದ ಅಕ್ಕ.

ಭಾವ ಪೆಟ್ಟಿಗೆಯನ್ನು ಬಾಗಿಲಲ್ಲೇ ಬಿಟ್ಟು ನೇರವಾಗಿ ಹಾಸಿಗೆಯ ಬದಿಗೆ ಬಂದು ಕೂತಿದ್ದರು. ಸಣ್ಣ ಹುಡುಗನಂತೆ ಹೇಳತೊಡಗಿದರು: ಅಲ್ಲಿ ಮರವೇ ಇಲ್ಲ, ರಸ್ತೆ ಸಮುದ್ರದಲ್ಲೇ ಮುಗಿಯುತ್ತದೆ, ನೀರಿನಿಂದ ಹೊಗೆ ಏಳುತ್ತದೆ, ಅಳಿಯ ಬಂದವನೇ ತುಳುವಿನಲ್ಲಿ ಊಟ ಆಯಿತಾ ಎಂದು ಕೇಳಿದ. ಆ ಊರನ್ನು ಕಾಲಿನಿಂದ ಮುಟ್ಟಿ ಮುಟ್ಟಿ ನಡೆದಿದ್ದ ಅಕ್ಕ, ನೋವಿನಲ್ಲೂ ದಿಂಬಿಗೊರಗಿ ಎದ್ದು ಕೂತು, ಒಂದನ್ನೂ ತಾವು ಕಂಡಿಲ್ಲವೇನೋ ಎಂಬಂತೆ ಗಂಡನ ಮುಖ ನೋಡುತ್ತಾ ಕೇಳುತ್ತಿದ್ದರು:

“ಹೌದಾ? ಮತ್ತೆ?”